ದಯವಿಟ್ಟು ಬೆಳಗ್ಗೆ ಎದ್ದ ಕೂಡಲೇ ‘ನಿದ್ದೆ ಬಂತಾ?’ ಅಂತ ಕೇಳಬೇಡಿ

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’. ಈ ಗಾದೆಯನ್ನು ಕಳೆದ ನಾಲ್ಕು ತಿಂಗಳಲ್ಲಿ ನನಗೆ ಎಷ್ಟು ಜನ ಹೇಳಿದ್ದಾರೋ ಲೆಕ್ಕವಿಲ್ಲ. ಹೇಳಿದವರೆಲ್ಲ ನನ್ನ ಮೇಲೆ ಪ್ರೀತಿ ಇರುವವರೇ. ಗಾದೆ ಮುಗಿದ ಮೇಲೆ ಒಂದು ಪ್ರಶ್ನೆಯೂ ಇರುತ್ತದೆ: ‘ಅಂಥಾ ಚಿಂತೆ ಏನು ನಿನಗೆ?’

ನನಗೆ ಇದ್ದದ್ದು ಒಂದೇ ಚಿಂತೆ. ಇವತ್ತು ರಾತ್ರಿ ನಿದ್ದೆ ಬರುತ್ತೋ ಇಲ್ಲವೋ.

2019ರಲ್ಲಿ ಮೊದಲ ಸಲ ಹೀಗಾಗಿತ್ತು. ಆರು ತಿಂಗಳು ಒದ್ದಾಡಿ, ಡಾಕ್ಟರ ಹತ್ತಿರ ಹೋಗಿ, ಸರಿಹೋಗಿತ್ತು. ಆಮೇಲೆ ಐದು ವರ್ಷ ನೆಮ್ಮದಿಯಾಗಿ ಮಲಗಿದ್ದೇನೆ. ಅದೆಲ್ಲ ಮುಗಿದ ಕತೆ ಅಂದುಕೊಂಡಿದ್ದೆ. ಈ ವರ್ಷ ಅಪ್ಪನಿಗೆ ಆಪರೇಷನ್ ಆಯಿತು. ಹನ್ನೊಂದು ರಾತ್ರಿ ಆಸ್ಪತ್ರೆಯ ಕುರ್ಚಿಯಲ್ಲಿ ಕೂತೇ ಕಳೆದೆ. ಅಪ್ಪ ಹುಷಾರಾಗಿ ಮನೆಗೆ ಬಂದರು. ನನ್ನ ನಿದ್ದೆ ವಾಪಸ್ ಬರಲಿಲ್ಲ.

ಮೊದಲ ಸಲಕ್ಕಿಂತ ಎರಡನೇ ಸಲವೇ ಭಯ ಜಾಸ್ತಿ. ಆಗ ಏನಾಗುತ್ತಿದೆ ಅಂತಲೇ ಗೊತ್ತಿರಲಿಲ್ಲ. ಈ ಸಲ ಎಲ್ಲವೂ ಗೊತ್ತಿತ್ತು. ಮೂರನೇ ರಾತ್ರಿಗೇ ‘ಅಯ್ಯೋ, ಮತ್ತೆ ಶುರುವಾಯ್ತು’ ಅಂತ ಎದೆ ಹೊಡೆದುಕೊಂಡಿತು. ಸಂಜೆ ದೇವರ ದೀಪ ಹಚ್ಚುವ ಹೊತ್ತಿಗೆ ಹೊಟ್ಟೆಯಲ್ಲಿ ಸಂಕಟ. ಹಾಲ್‌ನಲ್ಲಿ ಕೂತು ತೂಕಡಿಸುತ್ತಿದ್ದವಳಿಗೆ ದಿಂಬಿಗೆ ತಲೆ ಕೊಟ್ಟ ಕೂಡಲೇ ಪೂರ್ತಿ ಎಚ್ಚರ. ಪಕ್ಕದಲ್ಲಿ ನನ್ನವರ ಉಸಿರಾಟ, ತಲೆ ಮೇಲೆ ಫ್ಯಾನಿನ ಕಟಕಟ, ಬೀದಿಯಲ್ಲಿ ಗೂರ್ಖಾನ ಸೀಟಿ. ಗಡಿಯಾರ ನೋಡಿದರೆ 2.40. ಈಗ ಮಲಗಿದರೂ ಮೂರು ಗಂಟೆ ನಿದ್ದೆ. ಈಗ ಮಲಗಿದರೆ ಎರಡೂವರೆ. ಲೆಕ್ಕ ಹಾಕುತ್ತಲೇ ಹಾಲಿನವನು ಬರುತ್ತಿದ್ದ.

ಆಗ ನಾನು ಏನೇನು ಮಾಡಿದೆ ಅಂತ ಬರೆಯಲೇಬೇಕು. ರಾತ್ರಿ ಎಂಟೂವರೆಗೇ ಹಾಸಿಗೆಗೆ ಹೋದೆ. ಭಾನುವಾರ ಊಟ ಆದ ಮೇಲೆ ಎರಡು ಗಂಟೆ ಮಲಗಿದೆ. ಸುಸ್ತು ಅಂತ ವಾಕಿಂಗ್ ಬಿಟ್ಟೆ. ಚಿಕ್ಕಮ್ಮನ ಮಗಳ ಮದುವೆಗೆ ಹೋಗಲಿಲ್ಲ, ಹೊಸ ಜಾಗದಲ್ಲಿ ನಿದ್ದೆ ಬರದಿದ್ದರೆ ಅಂತ ಹೆದರಿಕೆ. ನಿದ್ದೆ ಅಳೆಯುವ ವಾಚ್ ಕೊಂಡೆ. ಅತ್ತೆ ಅಂಗಾಲಿಗೆ ಹರಳೆಣ್ಣೆ ತಿಕ್ಕಿದರು, ಜಾಯಿಕಾಯಿ ತೇದು ಹಾಲಿಗೆ ಹಾಕಿ ಕೊಟ್ಟರು, ವಾರಕ್ಕೆ ಮೂರು ಸಲ ಗಸಗಸೆ ಪಾಯಸ ಮಾಡಿದರು. ಪಾಯಸ ಕುಡಿದು ಮಲಗಿ, ಈಗ ಬಂತಾ, ಈಗ ಬಂತಾ ಅಂತ ಕಾಯುತ್ತಿದ್ದೆ. ಪಾಯಸದ್ದೇನೂ ತಪ್ಪಿಲ್ಲ. ನಾನು ಕಾಯುತ್ತಿದ್ದದ್ದೇ ತೊಂದರೆ.

ಇದನ್ನು ನನಗೆ ಅರ್ಥ ಮಾಡಿಸಿದ್ದು ಡಾಕ್ಟರು. ಆರ್ಥರ್ ಸ್ಪೀಲ್‌ಮನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 1987ರಲ್ಲಿ ನಿದ್ರಾಹೀನತೆಯನ್ನು ಮೂರು ಭಾಗ ಮಾಡಿ ನೋಡಿದರಂತೆ. ಒಂದು, ಕೆಲವರ ಸ್ವಭಾವದಲ್ಲೇ ಇರುವ ಸೂಕ್ಷ್ಮ. ಎರಡು, ಶುರು ಮಾಡುವ ಕಾರಣ. ನನ್ನ ವಿಷಯದಲ್ಲಿ ಅದು ಅಪ್ಪನ ಆಪರೇಷನ್. ಮೂರು, ಅದನ್ನು ಮುಂದುವರಿಸುವ ಅಭ್ಯಾಸಗಳು. ಡಾಕ್ಟರು ಇನ್ನೂ ಸರಳವಾಗಿ ಹೇಳಿದರು. ‘ಬೆಂಕಿ ಹಚ್ಚಿದ ಕಡ್ಡಿ ಯಾವತ್ತೋ ಆರಿಹೋಗಿದೆ ಕಣಮ್ಮ. ಈಗ ಉರೀತಿರೋದು ನೀವು ದಿನಾ ಹಾಕ್ತಿರೋ ಸೌದೆ.’

ಎಂಟೂವರೆಗೆ ಮಲಗಿದ್ದು ಸೌದೆ. ಮಧ್ಯಾಹ್ನದ ನಿದ್ದೆ ಸೌದೆ. ವಾಚೂ ಸೌದೆಯೇ. ಅದು ಮೈಯ ಅಲುಗಾಟ, ನಾಡಿ ಬಡಿತ ನೋಡಿ ಅಂದಾಜು ಹಾಕುತ್ತದೆ, ಮಿದುಳನ್ನು ನೋಡುವುದಿಲ್ಲ. ಆದರೂ ‘ಗಾಢ ನಿದ್ದೆ 38 ನಿಮಿಷ’ ಅಂತ ತೋರಿಸಿದ ದಿನ ನನಗೆ ಆಫೀಸಿನಲ್ಲಿ ಕೈಕಾಲೇ ಆಡುತ್ತಿರಲಿಲ್ಲ. ಇಂಥ ಅಂಕಿಗಳ ಬೆನ್ನು ಹತ್ತಿ ನಿದ್ದೆ ಕೆಡಿಸಿಕೊಳ್ಳುವುದಕ್ಕೆ 2017ರಲ್ಲಿ ಅಮೆರಿಕದ ಸಂಶೋಧಕರು ‘ಆರ್ಥೋಸೋಮ್ನಿಯಾ’ ಅಂತ ಹೆಸರೇ ಇಟ್ಟಿದ್ದಾರೆ. ವಾಚನ್ನು ಅವತ್ತೇ ಬೀರುವಿಗೆ ಹಾಕಿದೆ.

ನಿದ್ದೆಯೂ ಹಸಿವಿನ ಹಾಗೆ. ಎಚ್ಚರ ಇದ್ದಷ್ಟೂ ಒಳಗೆ ಕೂಡುತ್ತಾ ಹೋಗುತ್ತದೆ. ಒಂದು ರಾತ್ರಿ ಕೆಟ್ಟರೆ ಮಾರನೇ ರಾತ್ರಿಗೆ ಆ ಹಸಿವು ಜಾಸ್ತಿಯಾಗುತ್ತದೆ, ಗಾಢ ನಿದ್ದೆಯ ಪಾಲನ್ನು ಮೈ ತಾನೇ ಸರಿತೂಗಿಸಿಕೊಳ್ಳಲು ನೋಡುತ್ತದೆ. ನಾನು ಬೇಗ ಮಲಗಿ, ಹಗಲು ಮಲಗಿ, ಆ ಹಸಿವು ಕೂಡುವುದಕ್ಕೇ ಬಿಡುತ್ತಿರಲಿಲ್ಲ. ಸಂಜೆ ಐದು ಗಂಟೆಯ ಫಿಲ್ಟರ್ ಕಾಫಿಯೂ ಹಾಗೇ. ಕೆಫೀನ್ ಅರ್ಧ ಇಳಿಯುವುದಕ್ಕೇ ಸುಮಾರು ಐದು ಗಂಟೆ ಬೇಕು. ರಾತ್ರಿ ಹತ್ತಕ್ಕೂ ಅರ್ಧ ಲೋಟ ಮೈಯಲ್ಲೇ ಇರುತ್ತಿತ್ತು. ಈಗ ಮಧ್ಯಾಹ್ನ ಹನ್ನೆರಡರ ನಂತರ ಕಾಫಿ ಇಲ್ಲ. ಇದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು, ನಿಜವಾಗಲೂ.

ಡಾಕ್ಟರು ನನಗೆ ಹಾಸಿಗೆಯ ಹೊತ್ತನ್ನೇ ಕಡಿಮೆ ಮಾಡಿದರು. ಒಂಬತ್ತು ಗಂಟೆ ಬಿದ್ದುಕೊಂಡು ಐದು ಗಂಟೆ ಮಲಗುತ್ತಿದ್ದವಳಿಗೆ ರಾತ್ರಿ ಹನ್ನೆರಡರಿಂದ ಐದೂವರೆ ಮಾತ್ರ. ನಿದ್ದೆ ಗಟ್ಟಿಯಾದ ಹಾಗೆ ಹದಿನೈದು ನಿಮಿಷ ಹೆಚ್ಚಿಸುವುದು. ಇನ್ನೊಂದು ನಿಯಮ, ನಿದ್ದೆ ಬಾರದೆ ಚಡಪಡಿಕೆ ಶುರುವಾದರೆ ಎದ್ದು ಆಚೆ ಕೋಣೆಗೆ ಹೋಗುವುದು, ಕಣ್ಣು ಎಳೆದಾಗ ಮಾತ್ರ ವಾಪಸ್ ಬರುವುದು. ರಿಚರ್ಡ್ ಬೂಟ್ಜಿನ್ ಅನ್ನುವ ಮನಶ್ಶಾಸ್ತ್ರಜ್ಞರು 1972ರಲ್ಲೇ ಹೇಳಿದ್ದು ಇದು. ಹಾಸಿಗೆ ಅಂದರೆ ಒದ್ದಾಟ ಅಂತ ಕಲಿತುಬಿಟ್ಟ ಮೈಗೆ, ಹಾಸಿಗೆ ಅಂದರೆ ನಿದ್ದೆ ಅಂತ ಮತ್ತೆ ಕಲಿಸುವುದು. ಇದನ್ನೆಲ್ಲ ಸೇರಿಸಿ, ನಿದ್ದೆಯ ಬಗ್ಗೆ ಇರುವ ಯೋಚನೆ, ಅಭ್ಯಾಸಗಳನ್ನು ಬದಲಿಸುವ ಚಿಕಿತ್ಸೆಗೆ ಸಿಬಿಟಿ-ಐ ಅನ್ನುತ್ತಾರೆ. ದೊಡ್ಡವರ ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದದ್ದು ಇದನ್ನೇ ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಅನ್ನುವ ವೈದ್ಯರ ಸಂಘ 2016ರಲ್ಲಿ ಹೇಳಿದೆ. ನಮ್ಮಲ್ಲಿ ಎಷ್ಟೋ ಜನರಿಗೆ ಸಿಗುವುದು ಮಾತ್ರ ಮೊದಲು ಮಾತ್ರೆಯೇ. 2019ರಲ್ಲಿ ಒಂದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆಯೇ ನನಗೆ ಅಲ್ಪ್ರಾಜೊಲಾಮ್ ಅನ್ನುವ, ಆತಂಕ ಇಳಿಸಿ ನಿದ್ದೆ ಬರಿಸುವ ಮಾತ್ರೆ ಕೊಟ್ಟಿದ್ದರು. ಅದನ್ನು ಬಿಡುವುದಕ್ಕೆ ತಿಂಗಳುಗಳೇ ಹಿಡಿದವು. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ದಿಢೀರ್ ನಿಲ್ಲಿಸಬೇಡಿ, ಅಪಾಯ. ಡಾಕ್ಟರು ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು. ಮೂರ್ಛೆ ರೋಗ, ಬೈಪೋಲಾರ್ ಅನ್ನುವ ಮಾನಸಿಕ ಕಾಯಿಲೆ ಇರುವವರು ಹಾಸಿಗೆಯ ಹೊತ್ತು ಕಡಿಮೆ ಮಾಡುವುದನ್ನು ತಾವೇ ಮಾಡಿಕೊಳ್ಳಲೂಬಾರದು. ಹಗಲು ತೂಕಡಿಕೆ ಬಂದರೆ ಅಂತ ಮೊದಲ ಎರಡು ವಾರ ನಾನು ಸ್ಕೂಟರ್ ಮುಟ್ಟಲಿಲ್ಲ, ಬಸ್ಸಿನಲ್ಲೇ ಓಡಾಡಿದೆ.

ಈಗ ಮನೆಯವರ ವಿಷಯ. ಬೆಳಗ್ಗೆ ಬಾಗಿಲು ತೆಗೆದರೆ ಅತ್ತೆ, ‘ಏನಮ್ಮಾ, ನಿದ್ದೆ ಬಂತಾ?’ ಹಲ್ಲುಜ್ಜುವಾಗ ನನ್ನವರು, ‘ಸ್ವಲ್ಪನಾದ್ರೂ ಕಣ್ಣು ಹತ್ತಿತಾ?’ ಹತ್ತು ಗಂಟೆಗೆ ಅಮ್ಮನ ಫೋನ್. ಪ್ರತಿ ಸಲವೂ ನಾನು ರಾತ್ರಿಯನ್ನು ಮತ್ತೆ ನೆನೆಸಿಕೊಂಡು ವರದಿ ಕೊಡಬೇಕು. ಇಲ್ಲ ಅಂದರೆ ಅವರ ಮುಖ ಬಾಡುತ್ತದೆ. ಅದನ್ನು ನೋಡಿ, ಇವರಿಗೋಸ್ಕರವಾದರೂ ಇವತ್ತು ಮಲಗಬೇಕು ಅಂದುಕೊಳ್ಳುತ್ತೇನೆ. ಹಟ ಹಿಡಿದು ಮಲಗಿದರೆ ನಿದ್ದೆ ಬರುತ್ತಾ? ಯಾವ ಕೆಲಸವೂ ಪ್ರಯತ್ನಪಟ್ಟರೆ ಆಗುತ್ತೆ ಅಂತ ನಮಗೆ ಕಲಿಸಿದ್ದಾರೆ. ನಿದ್ದೆ ಒಂದು ಮಾತ್ರ ಹಾಗಲ್ಲ. ಗಾದೆಯಲ್ಲಿ ಸಂತೆಯಲ್ಲಿ ಮಲಗಿದವನು ಮಲಗೋಣ ಅಂತ ಪ್ರಯತ್ನ ಪಟ್ಟಿರಲಿಕ್ಕಿಲ್ಲ, ಅಲ್ವಾ?

ಒಂದು ಭಾನುವಾರ ಮೂವರಿಗೂ ಕೈಮುಗಿದು ಹೇಳಿದೆ, ಒಂದು ತಿಂಗಳು ನನ್ನನ್ನು ನಿದ್ದೆ ಬಗ್ಗೆ ಕೇಳಬೇಡಿ ಅಂತ. ಅಮ್ಮ ಒಪ್ಪಿದರು. ಅತ್ತೆಗೆ ಬೇಜಾರಾಯಿತು, ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅವರಿಗೆ ಅದು ಪ್ರಶ್ನೆಯಲ್ಲ, ಮುದ್ದು. ನನಗೆ ಗೊತ್ತಿತ್ತು, ಆದರೂ ಕೇಳಲೇಬೇಕಿತ್ತು.

ಯಾರಿಗಾದರೂ ಮಾತಾಡಲು ಯಾರೂ ಇಲ್ಲ ಅನ್ನಿಸಿದರೆ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ, 14416. 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜೋರಾಗಿ ಗೊರಕೆ ಹೊಡೆದು ಮಧ್ಯೆ ಉಸಿರು ಕಟ್ಟುವವರದು ಬೇರೆಯೇ ತೊಂದರೆ, ಅವರು ಡಾಕ್ಟರಿಗೆ ತೋರಿಸಬೇಕು.

ನನಗೆ ಪೂರ್ತಿ ಸರಿಹೋಗಿಲ್ಲ. ವಾರದಲ್ಲಿ ಒಂದೆರಡು ರಾತ್ರಿ ಈಗಲೂ ಎಚ್ಚರವಾಗುತ್ತದೆ. ಗಡಿಯಾರ ಗೋಡೆಯಿಂದ ಇಳಿಸಿದ್ದೇನೆ, ಎಷ್ಟು ಗಂಟೆ ಅಂತ ಗೊತ್ತಾಗುವುದಿಲ್ಲ. ಮೊನ್ನೆ ಮಂಗಳವಾರವೂ ಎದ್ದು ಹಾಲ್‌ಗೆ ಬಂದು, ಝೀರೋ ಬಲ್ಬಿನ ಬೆಳಕಿನಲ್ಲಿ ಕೂತು ಹೂಬತ್ತಿ ಹೊಸೆದೆ. ಹೆದರಿಕೆ ಬಂತು. ಹತ್ತಿ ಬಿಡಿಸುತ್ತಾ ಬಿಡಿಸುತ್ತಾ ಅದು ಪಕ್ಕದಲ್ಲೇ ಕೂತಿತ್ತು. ಮೂವತ್ತೋ ನಲವತ್ತೋ ಆದ ಮೇಲೆ ಆಕಳಿಕೆ ಬಂತು, ಹೋಗಿ ಮಲಗಿದೆ.

ಬೆಳಗ್ಗೆ ಅತ್ತೆ ದೇವರ ಮನೆಯಲ್ಲಿ ಬತ್ತಿ ಡಬ್ಬಿ ತೆಗೆದರು. ತುಂಬಿರುವುದನ್ನು ನೋಡಿದರು. ಒಂದು ನಿಮಿಷ ಸುಮ್ನೆ ನಿಂತು, ಮುಚ್ಚಳ ಹಾಕಿ, ‘ತಿಂಡಿಗೆ ಅಕ್ಕಿರೊಟ್ಟಿ ಮಾಡೋಣ್ವಾ?’ ಅಂದರು.