ಸತ್ಯಾಂಶ: 1 ಟಿಬಿ ಡಿಸ್ಕ್‌ನ 69 ಜಿಬಿಯನ್ನು ಯಾರೂ ಬಚ್ಚಿಟ್ಟಿಲ್ಲ

‘1 ಟಿಬಿ ಹಾರ್ಡ್ ಡಿಸ್ಕ್ ಕೊಂಡರೆ ಕಾಣುವುದು 931 ಜಿಬಿ ಮಾತ್ರ. ಉಳಿದದ್ದನ್ನು ಕಂಪನಿ ಬಚ್ಚಿಟ್ಟಿರುತ್ತದೆ, ಗುಪ್ತ ಪಾರ್ಟಿಷನ್ (ಡಿಸ್ಕ್‌ನಲ್ಲಿ ಬೇರ್ಪಡಿಸಿದ, ಕಣ್ಣಿಗೆ ಕಾಣದ ಭಾಗ) ಅಳಿಸಿದರೆ ವಾಪಸ್ ಸಿಗುತ್ತದೆ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ದಯವಿಟ್ಟು ಹಾಗೆ ಮಾಡಬೇಡಿ.

ಡಿಸ್ಕ್ ತಯಾರಿಸುವವರದು ಸಾವಿರದ ಲೆಕ್ಕ: ಸಾವಿರ ಎಂಬಿಗೆ ಒಂದು ಜಿಬಿ, ಸಾವಿರ ಜಿಬಿಗೆ ಒಂದು ಟಿಬಿ. ಅವರ 1 ಟಿಬಿ ಎಂದರೆ ಒಂದು ಲಕ್ಷ ಕೋಟಿ ಬೈಟ್. ವಿಂಡೋಸ್‌ನದು 1024ರ ಲೆಕ್ಕ; ಅದರ ಪ್ರಕಾರ 1 ಜಿಬಿಗೆ 107,37,41,824 ಬೈಟ್. ಭಾಗಿಸಿ ನೋಡಿ, 931 ಬರುತ್ತದೆ. ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಬೈಟ್‌ಗಳ ಪೂರ್ತಿ ಸಂಖ್ಯೆಯೂ ಜಿಬಿಯ ಪಕ್ಕದಲ್ಲೇ ಕಾಣುತ್ತದೆ. ಮ್ಯಾಕ್ 2009ರಿಂದ ಸಾವಿರದ ಲೆಕ್ಕವನ್ನೇ ಬಳಸುತ್ತಿರುವುದರಿಂದ ಅಲ್ಲಿ ಈ ಗೊಂದಲವೇ ಇಲ್ಲ.

ಗುಪ್ತ ಪಾರ್ಟಿಷನ್‌ಗಳು ಇರುವುದು ನಿಜ. ಆದರೆ ಅವುಗಳಲ್ಲಿ ಒಂದು ಕಂಪ್ಯೂಟರ್ ಆನ್ ಆಗಲು ಬೇಕಾದದ್ದು, ಸಾಮಾನ್ಯವಾಗಿ ಬರೀ 100 ಎಂಬಿಯಷ್ಟು. ಅದನ್ನು ಅಳಿಸಿದರೆ ವಿಂಡೋಸ್ ಶುರುವಾಗುವುದೇ ಇಲ್ಲ.

ನಿಜವಾಗಿ ಜಾಗ ತಿನ್ನುವುದು ಬೇರೆ: ರೀಸೈಕಲ್ ಬಿನ್, ತಾತ್ಕಾಲಿಕ ಫೈಲ್‌ಗಳು, ದೊಡ್ಡ ಅಪ್‌ಡೇಟ್ ಬಳಿಕ ಉಳಿಯುವ ಹಳೆಯ ವಿಂಡೋಸ್‌ನ ಪ್ರತಿ. ಕೊನೆಯದೇ ಎಷ್ಟೋ ಸಲ ಹತ್ತಾರು ಜಿಬಿ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್ ತೆರೆದರೆ ಯಾವುದು ಎಷ್ಟು ಹಿಡಿದಿದೆ ಎಂದು ತೋರಿಸುತ್ತದೆ, ಅಲ್ಲಿಂದಲೇ ತೆಗೆಯಬಹುದು. ಆ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಕೂಡ ಇರುತ್ತದೆ. ಅದಕ್ಕೆ ಟಿಕ್ ಹಾಕಿದರೆ ನೀವು ಇಳಿಸಿಟ್ಟ ಫೋಟೊ, ಅಂಕಪಟ್ಟಿ, ಪಹಣಿಯ ಪಿಡಿಎಫ್ ಎಲ್ಲವೂ ಹೋಗುತ್ತವೆ. ಹಾಗಾಗಿ ಮೊದಲು ಆ ಫೋಲ್ಡರ್ ತೆರೆದು, ಬೇಕಾದದ್ದನ್ನು ಬೇರೆಡೆ ಸೇರಿಸಿಕೊಳ್ಳಿ.