ಹತ್ತು ಬೂತಾಯಿಗೆ ಒಂದು ಬಂಗುಡೆ

ಇಪ್ಪತ್ತೆಂಟು ವರ್ಷಗಳಿಂದ ಪಿಯುಸಿ ಮಕ್ಕಳಿಗೆ ಅಕೌಂಟೆನ್ಸಿ ಕಲಿಸುತ್ತಿರುವ ನಾನು, ಹೊರರಾಜ್ಯದ ಯಾವುದೋ ಕಂಪನಿಯೊಂದರ 6,237 ಷೇರುಗಳನ್ನು ಸರಾಸರಿ 3 ರೂಪಾಯಿ 10 ಪೈಸೆಯಂತೆ ಕೊಂಡಿದ್ದೇನೆಂಬ ಸಂಗತಿಯನ್ನು ಸ್ಟಾಫ್ ರೂಮಿನಲ್ಲಿ ಈವರೆಗೆ ಯಾರಿಗೂ ಹೇಳಿರಲಿಲ್ಲ. ಸಂಖ್ಯೆ ಹೀಗೆ ವಕ್ರವಾಗಿರುವುದಕ್ಕೆ ಕಾರಣ, ಬೆಲೆ ಇಳಿದಾಗಲೆಲ್ಲ ‘ಸರಾಸರಿ ಇಳಿಸುತ್ತೇನೆ’ ಎಂದುಕೊಂಡು ಕೈಯಲ್ಲಿದ್ದ ಚಿಲ್ಲರೆಗೆ ಸಿಕ್ಕಷ್ಟು ಕೊಳ್ಳುತ್ತ ಹೋದದ್ದು. ಸರಾಸರಿ ಇಳಿಯಿತು, ಬೆಲೆ ಅದಕ್ಕಿಂತ ವೇಗವಾಗಿ ಇಳಿದು 80 ಪೈಸೆಯಲ್ಲಿ ಬಂದು ಕುಳಿತಿತು.

ಹೀಗಿರುವಾಗ ಕಂಪನಿಯಿಂದ ವಾರ್ಷಿಕ ಮಹಾಸಭೆಯ ನೋಟಿಸು ಬಂದಿತು. ಒಂದು ರೂಪಾಯಿ ಮುಖಬೆಲೆಯ (ಪೇಟೆಯ ಬೆಲೆಯಲ್ಲ, ಕಂಪನಿಯೇ ಷೇರಿಗೆ ನಮೂದಿಸಿದ ಬೆಲೆಯ) ಹತ್ತು ಷೇರುಗಳನ್ನು ಒಟ್ಟುಗೂಡಿಸಿ ಹತ್ತು ರೂಪಾಯಿ ಮುಖಬೆಲೆಯ ಒಂದು ಷೇರನ್ನಾಗಿ ಮಾಡಲು ಷೇರುದಾರರ ಒಪ್ಪಿಗೆ ಬೇಕೆಂದು ಅದರಲ್ಲಿತ್ತು. ನನ್ನನ್ನು ನೋಡಿ ಪರೀಕ್ಷೆಗೆಂದು, ನಡುವೆ ಬೆಲೆ 60 ಪೈಸೆಗೆ ಇಳಿದಿದ್ದಾಗ, ಕೇವಲ ಒಂಬತ್ತು ಷೇರು ಕೊಂಡಿದ್ದ ನನ್ನ ಹೆಂಡತಿಯ ತಮ್ಮ ಅದನ್ನು ಓದಿ, “ಬಾವ, ಎಂಬತ್ತು ಪೈಸೆಯದ್ದು ಎಂಟು ರೂಪಾಯಿ ಆಗ್ತದಂತೆ, ಈಗಲೇ ಇನ್ನಷ್ಟು ತೆಗೆದಿಡುವುದಾ?” ಎಂದು ಕೇಳಿದ. ಬಂದರಿನ ಮೀನು ಮಾರ್ಕೆಟಿನಲ್ಲಿ ಹತ್ತು ಸಣ್ಣ ಬೂತಾಯಿ ಕೊಟ್ಟು ಒಂದು ದೊಡ್ಡ ಬಂಗುಡೆ ತಂದರೆ ಚೀಲದ ತೂಕ ಹೆಚ್ಚುವುದಿಲ್ಲ ಎಂದು ವಿವರಿಸಿದೆ. “ಆದರೆ ಬಂಗುಡೆ ಬಂಗುಡೆಯೇ ಅಲ್ವಾ?” ಎಂದ. ಕಂಪನಿಯ ಆಡಳಿತ ಮಂಡಳಿಯೂ ಮುಂದೆ ಸರಿಸುಮಾರು ಇದನ್ನೇ ಹೇಳಿತು.

ಮೊದಲ ಎಡವಟ್ಟು ಮತದಾನದಲ್ಲಾಯಿತು. ಸಭೆಗೆ ಮುಂಚಿನ ದಿನಗಳಲ್ಲಿ ಮನೆಯಿಂದಲೇ ಇ-ವೋಟಿಂಗ್ ಮಾಡಬಹುದಾಗಿತ್ತು. ಪರದೆಯ ಮೇಲೆ ‘ಪರ’ ಎಂಬುದನ್ನು ಒತ್ತಿದರೆ ನಿರ್ಣಯದ ಪರವಾದ ವಿವರಣೆ ತೆರೆದುಕೊಳ್ಳುತ್ತದೆಂದು ಭಾವಿಸಿ ನಾನು ಅದನ್ನೂ, ಅದರ ಹಿಂದೆಯೇ ಬಂದ ‘ಖಚಿತಪಡಿಸಿ’ ಎಂಬುದನ್ನೂ ಒತ್ತಿದೆ. ಒಮ್ಮೆ ಹಾಕಿದ ಮತವನ್ನು ಬದಲಿಸುವಂತಿಲ್ಲ. ಹಾಕಿದವರು ಸಭೆಗೆ ಬರಬಹುದು, ಮಾತಾಡಬಹುದು, ಮತ್ತೆ ಮತ ಹಾಕುವಂತಿಲ್ಲ. ಹೀಗಾಗಿ, ಆಗಲೇ ಒಪ್ಪಿಗೆ ಕೊಟ್ಟ ನಿರ್ಣಯವನ್ನು ಉಗ್ರವಾಗಿ ವಿರೋಧಿಸಲು ಭಾಷಣಕಾರನಾಗಿ ಹೆಸರು ನೋಂದಾಯಿಸಿದೆ.

ಸಭೆ ವಿಡಿಯೊದಲ್ಲಿ. ಹಿಂದೆ ಮಹಾಸಭೆ ಎಂದರೆ ಸಭಾಂಗಣ, ಕಾಫಿ, ಹೊರಡುವಾಗ ಕೈಗೊಂದು ತಿಂಡಿಯ ಪೊಟ್ಟಣ ಇರುತ್ತಿತ್ತು; ಲಾಭಾಂಶ ಕೊಡದ ಕಂಪನಿಯೂ ಮೈಸೂರುಪಾಕು ಕೊಡುತ್ತಿತ್ತು. ಈಗ ಪೊಟ್ಟಣವನ್ನು ನಾವೇ ಕಟ್ಟಿಕೊಳ್ಳಬೇಕು. ಮಂಗಳೂರಿನ ಕದ್ರಿಯಲ್ಲಿರುವ ನಿವೃತ್ತ ಬ್ಯಾಂಕ್ ಮ್ಯಾನೇಜರರೂ ಇದೇ ಷೇರಿನಲ್ಲಿ ಸಿಕ್ಕಿಬಿದ್ದವರಾದ್ದರಿಂದ, ಅವರ ಮನೆಯಲ್ಲಿ ಗೋಳಿಬಜೆ, ತೆಂಗಿನಕಾಯಿ ಚಟ್ನಿಗಳ ಸಮ್ಮುಖದಲ್ಲಿ ನಮ್ಮ ಪೂರ್ವಭಾವಿ ಸಭೆ ನಡೆಯಿತು.

ಷೇರು ಹಿಗ್ಗುವುದು ಕುಗ್ಗುವುದು ಮ್ಯಾನೇಜರರಿಗೆ ಹೊಸತಲ್ಲ. ಅವರಲ್ಲಿ ಸಿಂಡಿಕೇಟ್ ಬ್ಯಾಂಕಿನ ಸಾವಿರ ಷೇರುಗಳಿದ್ದವು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದಾಗ ಸಾವಿರಕ್ಕೆ 158ರಂತೆ ಕೆನರಾ ಷೇರುಗಳು ಬಂದವು. 2024ರ ಮೇ ತಿಂಗಳಲ್ಲಿ ಕೆನರಾ ತನ್ನ ಹತ್ತು ರೂಪಾಯಿಯ ಷೇರನ್ನು ಎರಡು ರೂಪಾಯಿಯ ಐದಾಗಿ ಒಡೆದಾಗ ಆ 158 ಹೋಗಿ 790 ಆಯಿತು. “ಒಡೆದ ದಿನ ನಾನೇನೂ ಸಾಹುಕಾರ ಆಗಲಿಲ್ಲ, ಕೂಡಿಸಿದ ದಿನವೂ ಆಗುವುದಿಲ್ಲ ಮಾರಾಯ್ರೆ” ಎಂದು ಅವರು ಇನ್ನೊಂದು ಗೋಳಿಬಜೆ ಎತ್ತಿಕೊಂಡರು. ಎಣ್ಣೆ ಹೀರಲು ತಟ್ಟೆಗೆ ಹಾಸಿದ್ದ ಕಾಗದ ಆ ನೋಟಿಸಿನದೇ ಪ್ರಿಂಟು ಎಂಬುದು ನನಗೆ ಆಗಷ್ಟೇ ಕಾಣಿಸಿತು. ಟಿಪ್ಪಣಿಯ ಮೂರನೇ ಪ್ಯಾರಾ ಪಾರದರ್ಶಕವಾಗಿತ್ತು.

ಕೇಳಬೇಕಾದ ಪ್ರಶ್ನೆಯನ್ನು ಹುಡುಕಿಕೊಟ್ಟವರೂ ಅವರೇ. 2013ರ ಕಂಪನಿ ಕಾಯ್ದೆಯ 53ನೇ ಕಲಮಿನ ಪ್ರಕಾರ ಸಾಮಾನ್ಯವಾಗಿ ಮುಖಬೆಲೆಗಿಂತ ಕಡಿಮೆಗೆ ಹೊಸ ಷೇರು ಕೊಡುವಂತಿಲ್ಲ. ಇಂದು ಒಂದು ರೂಪಾಯಿ ಮುಖಬೆಲೆಯ ಷೇರು 80 ಪೈಸೆಗೆ ಸಿಗುವಾಗ ಕಂಪನಿಯಿಂದ ಒಂದು ರೂಪಾಯಿ ಕೊಟ್ಟು ಕೊಳ್ಳುವವರು ಯಾರು? ಕೂಡಿಸಿದ ಮೇಲೆ ಮುಖಬೆಲೆ ಹತ್ತು, ಪೇಟೆಯ ಬೆಲೆ ಎಂಟು, ಆಗಲೂ ಕೊಳ್ಳುವವರಿಲ್ಲ. ಹಾಗಾದರೆ ಈ ಉಪದ್ವ್ಯಾಪ ಯಾತಕ್ಕೆ? ಪ್ರಶ್ನೆ ನನಗೆ ಎಷ್ಟು ಹಿಡಿಸಿತೆಂದರೆ, ಅದನ್ನು ನಾನೇ ಕೇಳುತ್ತೇನೆಂದು ಹಟ ಹಿಡಿದೆ.

ಸಭೆಯ ದಿನ ನಾನು ಹದಿನಾಲ್ಕನೆಯ ಭಾಷಣಕಾರ, ಸಮಯ ಮೂರು ನಿಮಿಷ. ನನಗಿಂತ ಮುಂಚಿನವರೆಲ್ಲರೂ ಅಧ್ಯಕ್ಷರ ಆರೋಗ್ಯವನ್ನೂ ವಾರ್ಷಿಕ ವರದಿಯ ರಕ್ಷಾಪುಟದ ಬಣ್ಣವನ್ನೂ ಹೊಗಳಿದ್ದರಿಂದ ನಾನೊಬ್ಬ ಹೊಗಳದಿದ್ದರೆ ಮಂಗಳೂರಿನವರು ಒರಟರೆಂದುಕೊಂಡಾರೆಂಬ ಭಯ ನನಗಾಯಿತು. ನಷ್ಟದ ಅಂಕಿಗಳನ್ನೂ ಓದುವಂತೆ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದ್ದಕ್ಕೆ ಕಾರ್ಯದರ್ಶಿಗಳನ್ನು ಅಭಿನಂದಿಸಿ, ಇಳಿಸಂಜೆಯ ತಣ್ಣೀರುಬಾವಿ ಕಡಲತೀರಕ್ಕೆ ಎಲ್ಲರನ್ನೂ ಆಹ್ವಾನಿಸಿ, “ಮಾನ್ಯರೇ, 53ನೇ ಕಲಮು…” ಎನ್ನುವಷ್ಟರಲ್ಲಿ ನನ್ನ ಧ್ವನಿಯನ್ನು ನಿಲ್ಲಿಸಲಾಯಿತು. ಹದಿನೈದನೆಯವರಾದ ಮ್ಯಾನೇಜರರು ನಮಸ್ಕಾರವನ್ನೂ ಹೇಳದೆ ಇಪ್ಪತ್ತು ಸೆಕೆಂಡಿನಲ್ಲಿ ಅದೇ ಪ್ರಶ್ನೆಯನ್ನು ಕೇಳಿ ಮುಗಿಸಿದರು.

ಉತ್ತರ ಸಭ್ಯವಾಗಿತ್ತು. ಸದ್ಯಕ್ಕೆ ಹೊಸ ಷೇರಿನ ಆಲೋಚನೆ ಇಲ್ಲ. ಪೈಸೆಯಲ್ಲಿ ನಡೆಯುವ ಷೇರನ್ನು ದೊಡ್ಡ ಹೂಡಿಕೆದಾರರು ಕಣ್ಣೆತ್ತಿಯೂ ನೋಡುವುದಿಲ್ಲ. 80 ಪೈಸೆಯಲ್ಲಿ ಒಂದು ಪೈಸೆ ಆಚೀಚೆಯಾದರೂ ಶೇಕಡಾ 1.25ರಷ್ಟು ಏರಿಳಿತವಾಗುತ್ತದೆ, ಎಂಟು ರೂಪಾಯಿಯಲ್ಲಿ ಅದೇ ಪೈಸೆಗೆ ಅಷ್ಟು ಸೊಕ್ಕಿರುವುದಿಲ್ಲ. ಈ ಕೊನೆಯ ಮಾತು ನ್ಯಾಯವಾದದ್ದೆಂದು ಒಪ್ಪಿಕೊಳ್ಳಬೇಕು. ಹತ್ತಕ್ಕಿಂತ ಕಡಿಮೆ ಇರುವವರ ಗತಿಯೇನೆಂದು ಯಾರೋ ಕೇಳಿದ್ದಕ್ಕೆ, ತುಣುಕುಗಳನ್ನೆಲ್ಲ ಟ್ರಸ್ಟಿಯೊಬ್ಬರು ಒಟ್ಟುಮಾಡಿ ಮಾರಿ, ಬಂದ ಹಣವನ್ನು ಅವರವರ ಬ್ಯಾಂಕ್ ಖಾತೆಗೆ ಹಾಕುತ್ತಾರೆಂಬ ಉತ್ತರ ಬಂತು. ನಿರ್ಣಯ ಭಾರೀ ಬಹುಮತದಿಂದ ಅಂಗೀಕಾರವಾಯಿತು. ಅದರಲ್ಲಿ ನನ್ನ 6,237 ಮತಗಳೂ ಇದ್ದವು.

ಟ್ರಸ್ಟಿಯ ಹಂಗು ಬೇಡವೆಂದು ನಾನು ರೆಕಾರ್ಡ್ ಡೇಟಿಗೆ, ಅಂದರೆ ಯಾರ ಬಳಿ ಎಷ್ಟು ಷೇರಿದೆಯೆಂದು ಕಂಪನಿ ಲೆಕ್ಕ ಹಿಡಿಯುವ ದಿನಕ್ಕೆ, ಮುಂಚೆಯೇ ಹೆಚ್ಚುವರಿ ಏಳು ಷೇರುಗಳನ್ನು ಮಾರಿ ಲೆಕ್ಕವನ್ನು ನೇರ್ಪು ಮಾಡಿಕೊಂಡೆ. ಬಂದದ್ದು 5 ರೂಪಾಯಿ 60 ಪೈಸೆ. ಡಿಮ್ಯಾಟ್ ಖಾತೆಯಿಂದ ಷೇರು ಹೊರಗೆ ಹೋದದ್ದಕ್ಕೆ ಬ್ರೋಕರ್ ಮುರಿದುಕೊಂಡ ಡಿಪಿ ಶುಲ್ಕ 15 ರೂಪಾಯಿ 93 ಪೈಸೆ. ಅಕೌಂಟೆನ್ಸಿ ಮೇಷ್ಟ್ರಿಗೆ ಇದನ್ನು ಯಾವ ಖಾತೆಗೆ ಬರೆಯಬೇಕೆಂದು ತಿಳಿಯಲಿಲ್ಲ.

ಆಮೇಲೆ ಕೆಲವು ದಿನ, ಹಳೆಯ ಷೇರು ಹೋಗಿ ಹೊಸತು ಬರುವ ನಡುವೆ, ಮೊಬೈಲಿನ ಆಪ್‌ನಲ್ಲಿ ನನ್ನ ಹೂಡಿಕೆ ಸೊನ್ನೆ ಎಂದು ಕಾಣಿಸುತ್ತಿತ್ತು. ಒಂದು ಬೆಳಿಗ್ಗೆ ನೋಡುತ್ತೇನೆ, 623 ಷೇರುಗಳು, ಬೆಲೆ ಎಂಟು ರೂಪಾಯಿ. ಪಕ್ಕದಲ್ಲಿ ಹಸಿರು ಅಕ್ಷರದಲ್ಲಿ ಶೇಕಡಾ 158 ಲಾಭ! ಆಪ್ ಹೊಸ ಬೆಲೆಯನ್ನು ತೆಗೆದುಕೊಂಡು, ಕೊಂಡ ಬೆಲೆಯನ್ನು ಮಾತ್ರ ಹಳೆಯ 3 ರೂಪಾಯಿ 10 ಪೈಸೆಯಲ್ಲೇ ಉಳಿಸಿಕೊಂಡಿದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆ ಹಸಿರನ್ನು ಹೆಂಡತಿಗೆ ತೋರಿಸಿದೆ, ಅವಳ ತಮ್ಮನಿಗೆ ತೋರಿಸಿದೆ, ಮನೆಮಂದಿಯನ್ನೆಲ್ಲ ಹಂಪನಕಟ್ಟೆಗೆ ಕರೆದುಕೊಂಡು ಹೋಗಿ ಎಲ್ಲರಿಗೂ ಗಡ್‌ಬಡ್ ಐಸ್‌ಕ್ರೀಂ ಕೊಡಿಸಿದೆ. ಉದ್ದನೆಯ ಗ್ಲಾಸಿನ ತಳದ ಜೆಲ್ಲಿಯನ್ನು ಚಮಚದಿಂದ ಕೆದಕುತ್ತ ಹೆಂಡತಿ, “ನಿಮಗೂ ಒಂದು ಬುದ್ಧಿ ಉಂಟು” ಎಂದಳು. ಮದುವೆಯಾದ ಮೇಲೆ ಇಂಥ ಮಾತನ್ನು ಕೇಳಿದ್ದು ಅದೇ ಮೊದಲು.

ಮೂರನೆಯ ದಿನ ಆಪ್‌ಗೆ ಜ್ಞಾನೋದಯವಾಗಿ ಕೊಂಡ ಬೆಲೆ 31 ರೂಪಾಯಿ ಎಂದು ತಿದ್ದಿಕೊಂಡಿತು. ಷೇರು ದಿನವೊಂದಕ್ಕೆ ಇಳಿಯಬಹುದಾದ ಶೇಕಡಾ ಐದರ ಕೆಳಮಿತಿಗೆ ಬಿದ್ದು 7 ರೂಪಾಯಿ 60 ಪೈಸೆಯಲ್ಲಿ ನಿಂತಿತ್ತು. ನಷ್ಟ 14,578 ರೂಪಾಯಿ 20 ಪೈಸೆ, ಕೆಂಪು ಅಕ್ಷರದಲ್ಲಿ.

ಕೆಲವು ವಾರಗಳ ನಂತರ ಹೆಂಡತಿಯ ತಮ್ಮ ಓಡೋಡಿ ಬಂದು ಮೊಬೈಲನ್ನು ನನ್ನ ಮುಖಕ್ಕೆ ಹಿಡಿದ. ಅವನ ಒಂಬತ್ತು ಷೇರುಗಳ ತುಣುಕಿನ ಬಾಬ್ತು 6 ರೂಪಾಯಿ 84 ಪೈಸೆ ಬ್ಯಾಂಕಿಗೆ ಜಮೆಯಾಗಿತ್ತು. ಹಾಕಿದ ಅಸಲು 5 ರೂಪಾಯಿ 40 ಪೈಸೆ.

“ಬಾವ, ನೀವು ಕಾಮರ್ಸ್ ಮೇಷ್ಟ್ರಲ್ವಾ, ಇದಕ್ಕೆ ಇನ್‌ಕಮ್ ಟ್ಯಾಕ್ಸ್ ಎಂತದಾದರೂ ಕಟ್ಟಲಿಕ್ಕುಂಟಾ?”