ಮಾತ್ರೆ ಬಿಟ್ಟವರನ್ನು ನಾವು ಏನು ಕೇಳುತ್ತಿದ್ದೇವೆ?

"ಔಷಧಿ ತೆಗೆದುಕೊಳ್ಳುವ ವಿಷಯದಲ್ಲಿ ನೀವು ಒಮ್ಮೊಮ್ಮೆ ಅಲಕ್ಷ್ಯ ಮಾಡುತ್ತೀರಾ?"

ನರ್ಸಿಂಗ್ ಓದಿದವರಿಗೆ ಈ ಪ್ರಶ್ನೆಯ ಪರಿಚಯ ಇದ್ದೇ ಇರುತ್ತದೆ. ರೋಗಿ ಔಷಧಿಯನ್ನು ಸರಿಯಾಗಿ ತೆಗೆದುಕೊಳ್ಳುತ್ತಾನೆಯೇ ಎಂದು ಅಳೆಯಲು, 1986ರಲ್ಲಿ ಅಮೆರಿಕದಲ್ಲಿ ರಕ್ತದೊತ್ತಡದ ರೋಗಿಗಳಿಗಾಗಿ ಬಂದ ಮಾರಿಸ್ಕಿ ಮಾಪನದ ನಾಲ್ಕು ಪ್ರಶ್ನೆಗಳಲ್ಲಿ ಇದೂ ಒಂದು. ಮಾತ್ರೆ ಮರೆಯುತ್ತೀರಾ, ಅಲಕ್ಷ್ಯ ಮಾಡುತ್ತೀರಾ, ಆರಾಮವಾದಾಗ ನಿಲ್ಲಿಸುತ್ತೀರಾ, ಮಾತ್ರೆಯಿಂದ ತೊಂದರೆಯಾದರೆ ಬಿಡುತ್ತೀರಾ. ಇಷ್ಟೇ. ಈ ನಾಲ್ಕೂ, 2008ರಲ್ಲಿ ಇವು ಬೆಳೆದು ಆದ ಎಂಟೂ ಇಥಿಯೋಪಿಯಾ, ನೈಜೀರಿಯಾ, ಘಾನಾ, ಕೀನ್ಯಾಗಳ ಲೆಕ್ಕವಿಲ್ಲದಷ್ಟು ಪ್ರಬಂಧಗಳಲ್ಲಿ ಕುಳಿತಿವೆ. ಸ್ನಾತಕೋತ್ತರ ವಿದ್ಯಾರ್ಥಿನಿಯರ ಜೊತೆ ಕುಳಿತು ಆ ಪ್ರಬಂಧಗಳನ್ನು ಓದುವುದು ಕೆಲವು ವರ್ಷಗಳಿಂದ ನನ್ನ ಕೆಲಸದ ಭಾಗ. ಊರು ಬೇರೆ, ಕಾಯಿಲೆ ಬೇರೆ, ಕೊನೆಯ ಪುಟ ಮಾತ್ರ ಒಂದೇ: ಇಷ್ಟು ಶೇಕಡಾ ರೋಗಿಗಳಿಗೆ ಜ್ಞಾನ ಕಡಿಮೆ, ಇಷ್ಟು ಶೇಕಡಾ ಜನರ ಧೋರಣೆ ಸರಿಯಿಲ್ಲ, ಆದ್ದರಿಂದ ಶುಶ್ರೂಷಕಿಯರು ಆರೋಗ್ಯ ಶಿಕ್ಷಣ ನೀಡಬೇಕು.

ಈ ಕೊನೆಯ ಪುಟವನ್ನು ನಾನು ಈಗ ಒಪ್ಪುವುದಿಲ್ಲ. ಏಕೆ ಎಂದು ಸಮಾಧಾನವಾಗಿ ಬರೆಯುತ್ತೇನೆ, ಉದ್ದವಾದರೆ ಕ್ಷಮಿಸಿ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನನ್ನ ಪ್ರಬಂಧಕ್ಕಾಗಿ ಒಂದು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸಕ್ಕರೆ ಕಾಯಿಲೆಯವರನ್ನು ಮೂವತ್ತು ಪ್ರಶ್ನೆ ಕೇಳುತ್ತಿದ್ದೆ. ಅರವತ್ತರ ಆಸುಪಾಸಿನ ಒಬ್ಬ ಹೆಂಗಸಿಗೆ ಹನ್ನೊಂದು ಅಂಕ ಬಂತು. "ಅಸಮರ್ಪಕ ಜ್ಞಾನ" ಎಂದು ಗುರುತು ಹಾಕಿ ಮುಂದಿನವರನ್ನು ಕರೆಯುವಷ್ಟರಲ್ಲಿ ಆಕೆ ಸೆರಗಿನ ಗಂಟು ಬಿಚ್ಚಿ, ಕತ್ತರಿಯಿಂದ ಒಂದೊಂದಾಗಿ ಕತ್ತರಿಸಿದ ಮಾತ್ರೆಗಳನ್ನು ಅಂಗೈಯಲ್ಲಿ ಹಿಡಿದು ತೋರಿಸಿದರು. "ಸಿಸ್ಟರ್, ಇವು ನನ್ನವು. ಉಳಿದರ್ಧ ಮನೆಯಲ್ಲಿ ಯಜಮಾನರಿಗೆ. ಅವರಿಗೂ ಸಕ್ಕರೆ ಇದೆ, ಇಲ್ಲಿಯವರೆಗೆ ಬರಲಾರರು." ಒಂದು ತಿಂಗಳ ಔಷಧಿಯನ್ನು ಇಬ್ಬರಿಗೆ ಹಂಚಿ, ದಿನ ತಪ್ಪದ ಹಾಗೆ ಲೆಕ್ಕ ಇಟ್ಟಿದ್ದ ಹೆಂಗಸು ಅವರು. ಅದನ್ನು ಬರೆಯಲು ನನ್ನ ಪ್ರಶ್ನಾವಳಿಯಲ್ಲಿ ಜಾಗವಿರಲಿಲ್ಲ. ನಾನು ಬರೆಯಲೂ ಇಲ್ಲ. ಪ್ರಬಂಧ ಪಾಸಾಯಿತು. ಆ ಅಂಗೈ ಮಾತ್ರ ಇಂದಿಗೂ ಕಣ್ಣ ಮುಂದಿದೆ.

ಆಫ್ರಿಕಾದ ಕತೆ ನನ್ನನ್ನು ಹಿಡಿದದ್ದು ಆಮೇಲೆ. 2001ರಲ್ಲಿ ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್‌ನ ಮುಖ್ಯಸ್ಥರಾಗಿದ್ದ ಆಂಡ್ರ್ಯೂ ನ್ಯಾಟ್ಸಿಯೋಸ್ ಅವರು ಎಚ್‌ಐವಿ ಔಷಧಿಗಳನ್ನು ಆಫ್ರಿಕಾಕ್ಕೆ ಕೊಟ್ಟು ಪ್ರಯೋಜನವಿಲ್ಲ ಎಂದು ವಾದಿಸಿದರು. ಅಲ್ಲಿನ ಅನೇಕರು ಬದುಕಿನಲ್ಲಿ ಗಡಿಯಾರವನ್ನೇ ಕಂಡಿಲ್ಲ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುವುದು ಅವರಿಂದ ಆಗದು ಎಂಬುದು ಆ ವಾದದ ಸಾರ. ಅದೇ ವರ್ಷದ ಫೆಬ್ರವರಿಯಲ್ಲಿ ನಮ್ಮ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅವರು, ವರ್ಷಕ್ಕೆ ಹತ್ತು ಸಾವಿರ ಡಾಲರ್ ಮೀರುತ್ತಿದ್ದ ಮೂರು ಔಷಧಿಗಳ ಚಿಕಿತ್ಸೆಯನ್ನು 350 ಡಾಲರ್‌ಗೆ ಕೊಡುವುದಾಗಿ ಹೇಳಿದ್ದರು. ಬೆಲೆಯ ನೆಪ ಕುಸಿಯುವ ಹೊತ್ತಿಗೆ ಗಡಿಯಾರದ ನೆಪ ಎದ್ದು ನಿಂತಿತು. ರೋಗಿಗೆ ತಿಳಿವಳಿಕೆ ಇಲ್ಲ ಎಂಬ ಮಾತಿಗೆ ಎಷ್ಟು ಶಕ್ತಿಯಿದೆ ನೋಡಿ. ಲಕ್ಷಾಂತರ ಜನರಿಗೆ ಔಷಧಿಯನ್ನೇ ನಿರಾಕರಿಸಲು ಅದೊಂದು ಸಾಕು ಎಂದು ಕೆಲವರಿಗಾದರೂ ಅನ್ನಿಸಿತ್ತು.

ಅದೇ ವರ್ಷದ ಮೇ ತಿಂಗಳಲ್ಲಿ ಕೇಪ್‌ಟೌನ್ ಹೊರವಲಯದ ಖಯೆಲಿಟ್ಶಾದಲ್ಲಿ, ತಗಡಿನ ಗುಡಿಸಲುಗಳ ನಡುವಿನ ಸರ್ಕಾರಿ ಕ್ಲಿನಿಕ್‌ಗಳಲ್ಲಿ, ಗಡಿಗಳಿಲ್ಲದ ವೈದ್ಯರ ಸಂಸ್ಥೆ ಚಿಕಿತ್ಸೆ ಶುರು ಮಾಡಿತು. ಜನ ಬಂದರು, ನುಂಗಿದರು, ಬದುಕಿದರು. 2006ರಲ್ಲಿ ಎಡ್ವರ್ಡ್ ಮಿಲ್ಸ್ ಮತ್ತು ಸಂಗಡಿಗರು ಎರಡೂ ಖಂಡಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಸರಿಯಾಗಿ ಔಷಧಿ ತೆಗೆದುಕೊಳ್ಳುತ್ತಿದ್ದವರು ಉತ್ತರ ಅಮೆರಿಕದಲ್ಲಿ ಶೇ 55, ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಶೇ 77. ಈ ಎರಡು ಅಂಕಿಗಳನ್ನು ನಾನು ಪ್ರತಿ ವರ್ಷ ಹೊಸ ತರಗತಿಯ ಮೊದಲ ದಿನ ಕರಿಹಲಗೆಯ ಮೇಲೆ ಬರೆಯುತ್ತೇನೆ. ಯಾವುದು ಯಾರದು ಎಂದು ಕೇಳಿದರೆ ಇಂದಿಗೂ ಹೆಚ್ಚಿನ ಮಕ್ಕಳು ತಿರುಗಿಸಿಯೇ ಹೇಳುತ್ತಾರೆ. ಶ್ರೀಮಂತ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆಗಳಿಗೆ ಔಷಧಿ ಪಾಲಿಸುವವರು ಸರಾಸರಿ ಅರ್ಧದಷ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು. ಮಾತ್ರೆ ಬಿಡುವುದು ಮನುಷ್ಯ ಗುಣ, ಖಂಡದ ಗುಣವಲ್ಲ.

ಹಾಗಾದರೆ ಆ ಬಡವರು ಹೇಗೆ ನಿಭಾಯಿಸಿದರು? ನಾರ್ಮಾ ವೇರ್ ಅವರ ತಂಡ ನೈಜೀರಿಯಾದ ಜೋಸ್, ಟಾಂಜಾನಿಯಾದ ದಾರ್ ಎಸ್ ಸಲಾಮ್, ಉಗಾಂಡಾದ ಎಂಬರಾರಾ ಊರುಗಳಲ್ಲಿ ರೋಗಿಗಳನ್ನು, ಅವರ ಜೊತೆಗಾರರನ್ನು, ಆಸ್ಪತ್ರೆಯ ಸಿಬ್ಬಂದಿಯನ್ನು ಕೂರಿಸಿಕೊಂಡು ನಾನೂರಕ್ಕೂ ಹೆಚ್ಚು ಸಂದರ್ಶನ ಮಾಡಿತು. 2009ರಲ್ಲಿ ಪ್ರಕಟವಾದ ಆ ಬರಹವನ್ನು ಎಷ್ಟು ಸಲ ಓದಿದ್ದೇನೋ. ಅಲ್ಲಿನ ಜನ ಕ್ಲಿನಿಕ್‌ಗೆ ಹೋಗಲು ಸಾಲ ಮಾಡುತ್ತಿದ್ದರು, ಬೇಡುತ್ತಿದ್ದರು, ಮನೆಯ ಇತರ ಖರ್ಚಿಗೆ ಇಟ್ಟ ಹಣವನ್ನು ಬಸ್ಸಿಗೆ ಹಾಕುತ್ತಿದ್ದರು. ಯಾರೋ ಊಟ ಕೊಟ್ಟಿರುತ್ತಾರೆ, ಯಾರೋ ಪ್ರತಿ ರಾತ್ರಿ ಮಾತ್ರೆಯ ಹೊತ್ತನ್ನು ನೆನಪಿಸಿರುತ್ತಾರೆ. ಹೀಗೆ ನೆರವಾದವರು ಎದುರು ನೋಡುವುದು ಒಂದೇ, ಇವನು ಹುಷಾರಾಗಲಿ ಎಂದು. ಮಾತ್ರೆ ಬಿಟ್ಟರೆ ಅವರ ಮುಖ ನೋಡುವುದು ಹೇಗೆ? ನಾಳೆ ಮತ್ತೆ ಸಹಾಯ ಕೇಳುವುದು ಹೇಗೆ? ಸಂಶೋಧಕರು ಇದನ್ನು ಸಾಮಾಜಿಕ ಬಂಡವಾಳ ಎಂದು ಕರೆದರು. ನಮ್ಮ ಭಾಷೆಯಲ್ಲಿ ಅದಕ್ಕೆ ಇನ್ನೂ ಹಳೆಯ, ಇನ್ನೂ ಸರಿಯಾದ ಮಾತಿದೆ: ಋಣ. ಆ ಜನ ಋಣ ತೀರಿಸಲು ಮಾತ್ರೆ ನುಂಗುತ್ತಿದ್ದರು. ಯಾವ ಜ್ಞಾನ-ಧೋರಣೆ ಪ್ರಶ್ನಾವಳಿಯಲ್ಲಿ ಋಣದ ಕಾಲಂ ಇದೆ?

ಅದೇ ಋಣದ ಇನ್ನೊಂದು ಮುಖವೂ ಉಂಟು. ಯಾರಿಗೂ ಹೇಳಿಕೊಳ್ಳಲಾಗದವರು. ಕಾಯಿಲೆಯ ಗುಟ್ಟು ಬಿಟ್ಟುಕೊಡುವುದು ಪ್ಲಾಸ್ಟಿಕ್ ಡಬ್ಬಿಯೊಳಗಿನ ಮಾತ್ರೆಗಳ ಗಲಗಲ ಸದ್ದು. ಬಸ್ಸಿನಲ್ಲಿ ಚೀಲ ಅಲುಗಾಡಿದರೆ ಪಕ್ಕದವರಿಗೆ ತಿಳಿಯುತ್ತದೆ ಎಂದು ಹೆದರಿ, ಮಾತ್ರೆಗಳನ್ನು ಬೇರೆ ಕಾಗದಕ್ಕೋ ಬಟ್ಟೆಗೋ ಸುತ್ತಿಕೊಂಡು ಹೋಗುವವರು ಎಷ್ಟೋ ಮಂದಿ. ಅವರ ಜ್ಞಾನದಲ್ಲಿ ಏನು ಕೊರತೆಯಿದೆ? ಯಾವ ಡಬ್ಬಿ ಹೇಗೆ ಸದ್ದು ಮಾಡುತ್ತದೆ ಎಂಬುದೂ ಅವರಿಗೆ ಗೊತ್ತು.

ಪ್ರಶ್ನೆ ಕೇಳುವ ಭಾಷೆಯ ತೊಡಕು ಬೇರೆ. ಮಲಾವಿಯಲ್ಲಿ ಗರ್ಭಿಣಿಯರ ಮಲೇರಿಯಾದ ಬಗ್ಗೆ ಕೆಲಸ ಮಾಡಿದ ಅನ್ನಿಕಾ ಲೌನಿಯಾಲಾ ಇದನ್ನು ಚೆನ್ನಾಗಿ ಕಂಡರು. ಮಲೇರಿಯಾ ಎಂಬುದಕ್ಕೆ ಅಲ್ಲಿ ಬಳಸುವ "ಮಲುಂಗೊ" ಎಂಬ ಪದ ಜ್ವರದ ಹಲವು ಬಗೆಗಳನ್ನು ಒಳಗೊಂಡದ್ದು. ಮಲುಂಗೊ ಹೇಗೆ ಬರುತ್ತದೆ ಎಂದು ಕೇಳಿದರೆ ಅಲ್ಲಿನ ಹೆಂಗಸು ತನ್ನ ಪದಕ್ಕೆ ಸರಿಯಾಗಿ ಉತ್ತರಿಸುತ್ತಾಳೆ, ನಾವು ನಮ್ಮ ಪದಕ್ಕೆ ತಪ್ಪು ಎಂದು ಗುರುತು ಹಾಕುತ್ತೇವೆ. ನಮ್ಮಲ್ಲಿ "ಉಷ್ಣ", "ವಾಯು" ಎನ್ನುವವರ ಉತ್ತರ ಪತ್ರಿಕೆಗೆ ಆಗುವ ಗತಿ ಇದೇ.

ನಮ್ಮ ತುಮಕೂರಿನ ಕತೆಯನ್ನೂ ಇಲ್ಲಿ ಹೇಳಬೇಕು. 1959ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಾಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತನಾಡಿಸಿ 1963ರಲ್ಲಿ ಬರೆದರು. ಹಳ್ಳಿಯವರಿಗೆ ರೋಗದ ಅರಿವೇ ಇಲ್ಲ ಎಂಬುದು ಆಗಿನ ನಂಬಿಕೆ. ಕಂಡದ್ದು ಬೇರೆ. ಬಹುತೇಕ ಎಲ್ಲರಿಗೂ ತಮ್ಮ ಮೈಯಲ್ಲಿ ಏನೋ ಆಗಿದೆ ಎಂದು ಗೊತ್ತಿತ್ತು, ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ವಾಪಸು ಕಳಿಸಿದ್ದು ನಾವು. ಅರವತ್ತು ವರ್ಷಗಳ ಹಿಂದೆ ನಮ್ಮದೇ ಜಿಲ್ಲೆಯಲ್ಲಿ ಸಿಕ್ಕ ಈ ಪಾಠವನ್ನು ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಹೇಳಿಕೊಡುವವರು ತೀರಾ ಕಡಿಮೆ. ನನಗೆ ಇದು ನಿಜಕ್ಕೂ ನೋವಿನ ಸಂಗತಿ.

ರೋಗಿಯನ್ನು ದೂರುವುದರ ಬೆಲೆ ಏನು ಎಂದು ತಿಳಿಯಬೇಕಾದರೆ ದಕ್ಷಿಣ ಆಫ್ರಿಕಾದ ತುಗೆಲಾ ಫೆರಿ ನೋಡಬೇಕು. ಕ್ವಾಜುಲು-ನಟಾಲ್‌ನ ಈ ಪುಟ್ಟ ಊರಿನಲ್ಲಿ ಮುಖ್ಯ ಔಷಧಿಗಳಲ್ಲಿ ಹೆಚ್ಚಿನವಕ್ಕೆ ಬಗ್ಗದ ಕ್ಷಯ ತಗುಲಿದ 53 ಜನರಲ್ಲಿ 52 ಜನ ಸತ್ತರೆಂದು 2006ರಲ್ಲಿ ಜಗತ್ತಿಗೆ ತಿಳಿಯಿತು. ಮಾತ್ರೆ ಅರ್ಧಕ್ಕೆ ಬಿಡುವವರಿಂದ ಇಂಥ ಕ್ಷಯ ಹುಟ್ಟುತ್ತದೆ ಎಂಬುದು ಎಲ್ಲರ ಬಾಯಲ್ಲಿದ್ದ ವಿವರಣೆ. ಮುಂದೆ ಅದೇ ಪ್ರಾಂತ್ಯದಲ್ಲಿ ಇಂಥದೇ ಕ್ಷಯದ 404 ರೋಗಿಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 69ರಷ್ಟು ಜನ ಬಹುಔಷಧ ನಿರೋಧಕ ಕ್ಷಯಕ್ಕೆ, ಅಂದರೆ ಇದರ ಹಿಂದಿನ ಹಂತದ ಮೊಂಡು ಕ್ಷಯಕ್ಕೆ, ಹಿಂದೆಂದೂ ಚಿಕಿತ್ಸೆಯನ್ನೇ ಪಡೆದವರಲ್ಲ. ಬಿಡಲು ಅವರ ಬಳಿ ಆ ಮಾತ್ರೆಯೇ ಇರಲಿಲ್ಲ. ರೋಗ ಅವರಿಗೆ ಇನ್ನೊಬ್ಬರಿಂದ, ಮನೆಯಲ್ಲೋ ಆಸ್ಪತ್ರೆಯಲ್ಲೋ, ಗಾಳಿಯಲ್ಲಿ ಬಂದಿತ್ತು. ರೋಗಿಗೆ ಬುದ್ಧಿ ಹೇಳುತ್ತಾ ಕುಳಿತಿದ್ದರೆ ವಾರ್ಡಿನ ಕಿಟಕಿ ತೆರೆಯಬೇಕೆಂಬುದು ಯಾರಿಗೂ ಹೊಳೆಯುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಕೀನ್ಯಾ, 2007. ನೈರೋಬಿಯ ಎರಡು ಕ್ಲಿನಿಕ್‌ಗಳು ಮತ್ತು ಮಸಾಯಿ ಸೀಮೆಯ ಕಜಿಯಾಡೊ. ರಿಚರ್ಡ್ ಲೆಸ್ಟರ್ ಮತ್ತು ತಂಡ 538 ಎಚ್‌ಐವಿ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೊಮ್ಮೆ, ಸೋಮವಾರ ಬೆಳಿಗ್ಗೆ, ಮೊಬೈಲ್‌ಗೆ ಒಂದು ಸ್ವಾಹಿಲಿ ಪದ ಕಳಿಸಿತು: "ಮಾಂಬೊ?" ಹೇಗಿದ್ದೀರಿ, ಅಷ್ಟೇ. ಅದರಲ್ಲಿ ಮಾತ್ರೆಯ ಹೆಸರಿಲ್ಲ, ಕಾಯಿಲೆಯ ಹೆಸರಿಲ್ಲ, ಬುದ್ಧಿವಾದವಿಲ್ಲ. ಎರಡು ದಿನದೊಳಗೆ "ಸಾವಾ", ಚೆನ್ನಾಗಿದ್ದೇನೆ, ಅಥವಾ "ಶಿಡಾ", ತೊಂದರೆಯಿದೆ, ಎಂದು ಉತ್ತರಿಸಬೇಕು. ಶಿಡಾ ಎಂದವರಿಗೂ, ಉತ್ತರವೇ ಕೊಡದವರಿಗೂ ಕ್ಲಿನಿಕ್‌ನಿಂದ ಕರೆ ಹೋಗುತ್ತಿತ್ತು. ವರ್ಷ ಕಳೆದ ಮೇಲೆ ಸರಿಯಾಗಿ ಔಷಧಿ ತೆಗೆದುಕೊಂಡವರು ಈ ಗುಂಪಿನಲ್ಲಿ ಶೇ 62, ಇನ್ನೊಂದರಲ್ಲಿ ಶೇ 50. ರಕ್ತದಲ್ಲಿ ವೈರಸ್ ಹತೋಟಿಗೆ ಬಂದವರು ಶೇ 57 ಮತ್ತು ಶೇ 48. ಎಲ್ಲ ಕಡೆ ಇದೇ ಗೆದ್ದಿತು ಎನ್ನಲಾರೆ, ಮುಂದೆ ನೈರೋಬಿಯಲ್ಲೇ ಹೊಸ ರೋಗಿಗಳನ್ನು ಚಿಕಿತ್ಸೆಯಲ್ಲಿ ಉಳಿಸಿಕೊಳ್ಳಲು ಇದನ್ನೇ ಮಾಡಿದಾಗ ವ್ಯತ್ಯಾಸ ಕಾಣಲಿಲ್ಲ. ಆದರೂ ನನಗೆ ಆ ಸೋಮವಾರ ಬೆಳಗಿನ ಚಿತ್ರ ಬಿಡುವುದಿಲ್ಲ. ದನ ಮೇಯಿಸುವವನೊಬ್ಬನ ಜೇಬಿನಲ್ಲಿ ಫೋನು ಮಿಡಿಯುತ್ತದೆ. ತನ್ನನ್ನು ಯಾರೋ ಹೇಗಿದ್ದೀಯ ಎಂದು ಕೇಳುತ್ತಿದ್ದಾರೆ. ತೊಂದರೆ ಎಂದರೆ ಆ ಕಡೆಯಿಂದ ಒಬ್ಬರು ಕರೆ ಮಾಡಿ ಮಾತನಾಡುತ್ತಾರೆ ಎಂದು ಅವನಿಗೆ ಗೊತ್ತಿದೆ.

ಖಯೆಲಿಟ್ಶಾದವರು 2007ರಲ್ಲೇ ಇನ್ನೊಂದು ದಾರಿ ಹಿಡಿದರು. ಆರೋಗ್ಯ ಸ್ಥಿರವಾಗಿರುವ ಮೂವತ್ತರಷ್ಟು ಜನರ ಕ್ಲಬ್. ಎರಡು ತಿಂಗಳಿಗೊಮ್ಮೆ ಸೇರಿ, ತೂಕ ನೋಡಿಸಿಕೊಂಡು, ಹೆಸರು ಬರೆದು ಮೊದಲೇ ಕಟ್ಟಿಟ್ಟ ಔಷಧಿ ಪೊಟ್ಟಣ ತೆಗೆದುಕೊಂಡು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗುವುದು. ದಿನವಿಡೀ ಸಾಲಿನಲ್ಲಿ ನಿಲ್ಲುವುದು ತಪ್ಪಿತು. ಮೂರು ವರ್ಷ ದಾಟಿದ ಮೇಲೆ ಕ್ಲಬ್ಬಿನವರಲ್ಲಿ ಶೇ 97 ಜನ ಚಿಕಿತ್ಸೆಯಲ್ಲೇ ಇದ್ದರು, ಹೊರಗಿದ್ದವರಲ್ಲಿ ಶೇ 85. 2010ರಿಂದ ದಕ್ಷಿಣ ಆಫ್ರಿಕಾದಲ್ಲಿ ನರ್ಸ್‌ಗಳೇ ಎಚ್‌ಐವಿ ಚಿಕಿತ್ಸೆ ಆರಂಭಿಸಬಹುದು. ಇದನ್ನು ಹೇಳುವಾಗ ನನ್ನ ವಿದ್ಯಾರ್ಥಿನಿಯರ ಬೆನ್ನು ನೆಟ್ಟಗಾಗುವುದನ್ನು ನೋಡಬೇಕು.

ಜ್ಞಾನ ಬೇಡವೆಂದು ನಾನು ಹೇಳುತ್ತಿಲ್ಲ. ರಕ್ತದೊತ್ತಡದ ವಿಷಯದಲ್ಲಿ ಅದು ಬೇಕೇ ಬೇಕು. ತಲೆನೋವು ಹೋಯಿತು, ಕಾಯಿಲೆಯೂ ಹೋಯಿತು ಎಂದು ಮಾತ್ರೆ ನಿಲ್ಲಿಸುವವರು ಘಾನಾದ ಅಕ್ರಾದಲ್ಲೂ ಇದ್ದಾರೆ, ಅರಸೀಕೆರೆಯಲ್ಲೂ ಇದ್ದಾರೆ. ಅವರಿಗೆ ಕೂರಿಸಿ ಹೇಳಲೇಬೇಕು. ನನ್ನ ತಕರಾರು ಹೇಳುವುದರ ಬಗ್ಗೆ ಅಲ್ಲ. ಕೇಳುವ ಮೊದಲೇ ಹೇಳಲು ಶುರು ಮಾಡುವುದರ ಬಗ್ಗೆ.

2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ಏಕಾಏಕಿ ತಡೆಹಿಡಿದಾಗ ಆಫ್ರಿಕಾದ ಹಲವು ಕ್ಲಿನಿಕ್‌ಗಳ ಬಾಗಿಲಿಗೆ ಬೀಗ ಬಿತ್ತು. ಕೆಲಸ ಕಳೆದುಕೊಂಡ ಸಾವಿರಾರು ಜನರಲ್ಲಿ ಸಮಾಲೋಚಕಿಯರು, ಫೋನ್ ಮಾಡಿ ವಿಚಾರಿಸುತ್ತಿದ್ದವರು, ತಪ್ಪಿಸಿಕೊಂಡ ರೋಗಿಯ ಮನೆ ಹುಡುಕಿಕೊಂಡು ಹೋಗುತ್ತಿದ್ದವರು ಬಹಳ. ಬೀಗದ ಮುಂದೆ ನಿಂತ ರೋಗಿಗೆ ಇಪ್ಪತ್ತು ವರ್ಷದ ತಿಳಿವಳಿಕೆ ಇತ್ತು, ಧೋರಣೆಯೂ ಸರಿಯಿತ್ತು. ಆ ತಿಂಗಳ ಮಾತ್ರೆ ತಪ್ಪಿದ್ದನ್ನು ಅಳೆಯಲು ಹೊರಟರೆ ನಾಲ್ಕು ಪ್ರಶ್ನೆಗಳಲ್ಲಿ ಯಾವುದಕ್ಕೆ ಆತ "ಹೌದು" ಎನ್ನಬೇಕು?

ಈ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳು ರಕ್ತದೊತ್ತಡದ ರೋಗಿಗಳ ಬಗ್ಗೆ ಪ್ರಬಂಧ ಮಾಡುತ್ತಿದ್ದಾಳೆ. ಮೂವತ್ತು ಅಂಕದ ಜ್ಞಾನದ ಪ್ರಶ್ನೆಗಳು ಇರಲಿ, ನಿಯಮ ಅದು. ಅಲಕ್ಷ್ಯದ ಪ್ರಶ್ನೆಯನ್ನು ತೆಗೆದು ಅಲ್ಲಿ ಮೂರು ಸಾಲು ಸೇರಿಸು ಎಂದೆ: ಬಂದು ಹೋಗುವ ಖರ್ಚು, ಆ ದಿನ ಕಳೆದುಕೊಂಡದ್ದು, ಕಳೆದ ತಿಂಗಳು ಕೈಗೆ ಸಿಕ್ಕ ಮಾತ್ರೆ. ಕಳೆದ ವಾರ ಮೊದಲ ಹಾಳೆಗಳನ್ನು ತಂದಳು. ಮೂರನೆಯ ಹಾಳೆ ತೋಟದ ಕೆಲಸದ ಒಬ್ಬ ಹೆಂಗಸಿನದು. ಬಸ್ ಖರ್ಚು: ಇಲ್ಲ, ಶಕ್ತಿ ಯೋಜನೆ. ಕಳೆದುಕೊಂಡದ್ದು: ಒಂದು ದಿನದ ಕೂಲಿ. ಸಿಕ್ಕ ಮಾತ್ರೆ: ಹತ್ತು ದಿನದ್ದು, ಸ್ಟಾಕ್ ಇಲ್ಲ ಎಂದರು. ಜ್ಞಾನದ ಅಂಕ: ಮೂವತ್ತಕ್ಕೆ ಇಪ್ಪತ್ತಾರು.